ಗಾಯ ಮಾಗಿದ ಮೇಲೂ ಉಳಿಯುವ ನೋವು

2006ನೇ ಇಸವಿಯನ್ನು ನಿಮ್ಮಲ್ಲಿ ಬಹಳ ಜನ ಮರೆತಿರಲಿಕ್ಕಿಲ್ಲ. ಚಿಕುನ್‌ಗುನ್ಯ ಬಂದ ವರ್ಷ. ದೇಶದಲ್ಲಿ ಆ ವರ್ಷ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಶಂಕಿತ ಪ್ರಕರಣಗಳೇ ಸುಮಾರು 13.9 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದ್ದು. ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ನರಳಿದವರು ಆ ಲೆಕ್ಕದಲ್ಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದಿದ್ದರು. ಬೆಳಗ್ಗೆ ಎದ್ದರೆ ಚೊಂಬು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ, ಬಚ್ಚಲಿಗೆ ಗೋಡೆ ಹಿಡಿದುಕೊಂಡೇ ಹೋಗಬೇಕು. ಜ್ವರ ವಾರದೊಳಗೆ ಇಳಿಯಿತು. ರಕ್ತದಲ್ಲಿ ಆ ವೈರಾಣು ಇರುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಕೀಲುನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ.

ಹಾಗೆ ಉಳಿದವರಲ್ಲಿ ಎರಡು ಬಗೆಯವರಿದ್ದರು. ಕೆಲವರ ಕೀಲು ನಿಜಕ್ಕೂ ಊದಿತ್ತು, ಮುಟ್ಟಿದರೆ ಬಿಸಿ ಇತ್ತು. ಅದು ಸಂಧಿವಾತ, ಅದಕ್ಕೆ ಬೇರೆ ಔಷಧಿ ಇದೆ. ಇನ್ನು ಕೆಲವರಿಗೆ ಊತ ಇಲ್ಲ, ರಕ್ತ ಪರೀಕ್ಷೆ ಸರಿಯಾಗಿದೆ, ಎಕ್ಸ್‌ರೇ ಸರಿಯಾಗಿದೆ, ನೋವು ಮಾತ್ರ ಹಾಗೇ ಇದೆ. ಇವರಿಗೆ ಮೊದಲ ಮೂರು ತಿಂಗಳು ಮನೆಯವರ ಕನಿಕರ ಸಿಕ್ಕಿತು. ಆಮೇಲೆ ‘ಇವಳದ್ದು ಯಾವಾಗ್ಲೂ ಇದೇ ರಾಗ’ ಅಂತ ಶುರುವಾಯಿತು. ಈ ಎರಡನೇ ಗುಂಪಿನವರ ಮೈಯೊಳಗೆ ಏನಾಗಿತ್ತು ಅನ್ನುವುದೇ ಇವತ್ತಿನ ವಿಷಯ. ಸೊಂಟನೋವು, ಕುತ್ತಿಗೆ ನೋವು, ಸಕ್ಕರೆ ಕಾಯಿಲೆಯವರ ಅಂಗಾಲುರಿ, ಆಪರೇಷನ್ ಆದ ಜಾಗದ ನೋವು ಎಲ್ಲವೂ ಇದರ ಜೊತೆಗೇ ಬರುತ್ತವೆ.

ವೈದ್ಯರ ಲೆಕ್ಕದಲ್ಲಿ ಮೂರು ತಿಂಗಳು ದಾಟಿದ, ಅಥವಾ ಅಷ್ಟು ಕಾಲ ಮತ್ತೆ ಮತ್ತೆ ಮರಳಿ ಬರುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಚರ್ಮ, ಸ್ನಾಯು, ಮೂಳೆ ಇವೆಲ್ಲ ಸಾಮಾನ್ಯವಾಗಿ ಅಷ್ಟರಲ್ಲಿ ಕೂಡಿಕೊಂಡಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಿಂದ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಜಾಗ ಇದೆ. ಬೇರೆ ರೋಗದ ಲಕ್ಷಣವಾಗಿ ಬರುವ ನೋವು ಒಂದು ಕಡೆ, ನೋವೇ ರೋಗವಾಗಿರುವುದು ಇನ್ನೊಂದು ಕಡೆ. ನಾನು ವೈದ್ಯಕೀಯ ಓದುವ ಕಾಲದಲ್ಲಿ ಈ ಎರಡನೆಯದು ಪಠ್ಯದಲ್ಲಿ ಇರಲೇ ಇಲ್ಲ ಅನ್ನಬಹುದು.

ನಮ್ಮೆಲ್ಲರ ತಲೆಯಲ್ಲಿ ನೋವಿನ ಬಗ್ಗೆ ಒಂದು ಹಳೆಯ ಲೆಕ್ಕ ಕೂತಿದೆ. ಎಷ್ಟು ಪೆಟ್ಟೋ ಅಷ್ಟು ನೋವು. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ತೀರಿಕೊಂಡ ಮೇಲೆ, 1660ರ ದಶಕದಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಒಂದು ಚಿತ್ರ ಇದೆ. ಹುಡುಗನೊಬ್ಬ ಬೆಂಕಿಯ ಪಕ್ಕ ಕಾಲು ಚಾಚಿದ್ದಾನೆ, ಅವನ ಪಾದದಿಂದ ಮಿದುಳಿನವರೆಗೆ ಒಂದು ದಾರ. ಬೆಂಕಿ ಈ ತುದಿ ಎಳೆದರೆ ಆ ತುದಿಯಲ್ಲಿ ನೋವು ಹುಟ್ಟುತ್ತದೆ. ಮುನ್ನೂರು ವರ್ಷ ವೈದ್ಯಶಾಸ್ತ್ರ ಹೆಚ್ಚುಕಡಿಮೆ ಇದನ್ನೇ ನಂಬಿಕೊಂಡು ಬಂತು.

ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ಅರಿವಳಿಕೆ ವೈದ್ಯರು ಇಟಲಿಯ ರಣರಂಗದಲ್ಲಿದ್ದರು. ತೀವ್ರವಾಗಿ ಗಾಯಗೊಂಡು ಬಂದ 215 ಸೈನಿಕರನ್ನು ವಿಚಾರಿಸಿ, 1946ರಲ್ಲಿ ಬರೆದರು. ಎಲುಬು ಮುರಿದವರು, ಹೊಟ್ಟೆ ಸೀಳಿದವರು, ಎದೆಗೆ ಗುಂಡು ಬಿದ್ದವರು ಅವರಲ್ಲಿದ್ದರು. ನೋವಿಗೆ ಏನಾದರೂ ಕೊಡಲೇ ಅಂದರೆ ನಾಲ್ಕರಲ್ಲಿ ಮೂರು ಪಾಲು ಮಂದಿ ಬೇಡ ಅಂದರು. ಅವರು ಪ್ರಜ್ಞೆ ತಪ್ಪಿರಲಿಲ್ಲ. ಅದೇ ಜನ ಇಂಜೆಕ್ಷನ್ ಸರಿಯಾಗಿ ಚುಚ್ಚದಿದ್ದರೆ ಗೊಣಗುತ್ತಿದ್ದರು. ಬೀಚರ್ ಕೊಟ್ಟ ವಿವರಣೆ ಇಷ್ಟು: ಆ ಸೈನಿಕನಿಗೆ ಗಾಯ ಅಂದರೆ ಯುದ್ಧದಿಂದ ಬಿಡುಗಡೆ, ಮನೆಗೆ ಹೋಗುವ ಚೀಟಿ. ಊರಿನಲ್ಲಿ ಅಷ್ಟೇ ದೊಡ್ಡ ಆಪರೇಷನ್ ಮಾಡಿಸಿಕೊಂಡವರಿಗೆ ಅದು ಕಷ್ಟದ ಆರಂಭ, ಅವರು ನೋವಿನ ಮದ್ದನ್ನು ಬಹಳ ಹೆಚ್ಚಾಗಿ ಕೇಳುತ್ತಿದ್ದರು.

ಇದಕ್ಕೆ ಸರಿಯಾಗಿ ಉಲ್ಟಾ ಇನ್ನೊಂದು ಪ್ರಸಂಗ. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ವರದಿ ಮಾಡಿದ್ದು. 29 ವರ್ಷದ ಕಟ್ಟಡ ಕೆಲಸಗಾರ ಮೇಲಿಂದ ಹಾರಿದಾಗ 15 ಸೆಂಟಿಮೀಟರ್ ಉದ್ದದ ಮೊಳೆಯ ಮೇಲೆ ಬಿದ್ದ. ಮೊಳೆ ಬೂಟಿನ ಅಡಿಯಿಂದ ಹೊಕ್ಕು ಮೇಲೆ ಬಂದಿತ್ತು. ಸ್ವಲ್ಪ ಅಲುಗಾಡಿಸಿದರೂ ಕಿರುಚುತ್ತಿದ್ದ. ಫೆಂಟನಿಲ್ ಎಂಬ ಬಲವಾದ ನೋವಿನ ಮದ್ದು ಕೊಟ್ಟು ಮಂಪರು ಬರಿಸಿ ಮೊಳೆ ಕಿತ್ತರು, ಬೂಟು ಬಿಚ್ಚಿದರು. ಮೊಳೆ ಎರಡು ಬೆರಳುಗಳ ನಡುವೆ ತೂರಿಹೋಗಿತ್ತು. ಕಾಲಿಗೆ ಒಂದು ಗೀರೂ ಇರಲಿಲ್ಲ.

ನೀವು ನಗುತ್ತಿದ್ದೀರಿ. ಆದರೆ ಆ ಮನುಷ್ಯ ನಾಟಕ ಆಡಲಿಲ್ಲ. ಬೂಟಿನಿಂದ ಮೊಳೆ ಹೊರಬಂದಿರುವುದನ್ನು ಕಣ್ಣಾರೆ ಕಂಡ ಮಿದುಳು ಅಲ್ಲಿ ನೋವನ್ನು ಹುಟ್ಟಿಸಿತು. ಪಾದದ ನರಗಳು ಕಳಿಸುವುದು ಸುದ್ದಿ. ಆ ಸುದ್ದಿಯನ್ನು ಕಣ್ಣು ಕಂಡದ್ದು, ಹಿಂದಿನ ಅನುಭವ, ಭಯ, ಸಂದರ್ಭ ಎಲ್ಲದರ ಜೊತೆ ಸೇರಿಸಿ ತೂಗಿ ‘ಇದು ಅಪಾಯ’ ಅಂತ ಮಿದುಳು ತೀರ್ಮಾನಿಸಿದಾಗ ನೋವು. ಆಸ್ಟ್ರೇಲಿಯಾದ ಲೊರಿಮರ್ ಮೋಸ್ಲಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೈನಸ್ 20 ಡಿಗ್ರಿಗೆ ತಣಿಸಿದ ಲೋಹದ ಕಡ್ಡಿಯನ್ನು ಜನರ ಕೈಗೆ ಕ್ಷಣ ಹೊತ್ತು ಮುಟ್ಟಿಸುತ್ತಿದ್ದರು. ಜೊತೆಗೆ ಒಮ್ಮೆ ನೀಲಿ ದೀಪ, ಒಮ್ಮೆ ಕೆಂಪು ದೀಪ. ಕಡ್ಡಿ ಅದೇ, ತಂಪು ಅಷ್ಟೇ. ಕೆಂಪು ದೀಪ ಹೊತ್ತಿದಾಗ ನೋವು ಹೆಚ್ಚು ಅಂದರು.

ಈ ಮಾತನ್ನು ‘ನೋವೆಲ್ಲ ಮನಸ್ಸಿನದು’ ಅಂತ ಕೇಳಿಸಿಕೊಂಡು ಮನೆಗೆ ಹೋಗಬೇಡಿ. ಅದಕ್ಕಾಗಿಯೇ ಮುಂದಿನ ಭಾಗ. ಇದರಲ್ಲಿ ಸ್ವಲ್ಪ ಶರೀರಶಾಸ್ತ್ರ ಇದೆ, ಆದರೆ ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ.

ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಬಿಸಿನೀರಿಗೆ ಹಾಕಿದರೆ ಏನಾಗುತ್ತದೆ ಅನ್ನುವುದು ಇಲ್ಲಿರುವ ಹೆಂಗಸರಿಗೆಲ್ಲ ಗೊತ್ತು, ಗಂಡಸರಲ್ಲಿ ಕೆಲವರಿಗಾದರೂ ಗೊತ್ತಿರಲಿ. ದಿನವೂ ಸಾಮಾನ್ಯ ಅನ್ನಿಸುವ ನೀರು ಅವತ್ತು ಸುಡುತ್ತದೆ. ನೋವಿನ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಒಂದು ಸಣ್ಣ ಪ್ರೋಟೀನು ಇದೆ. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ಅದು ತೆರೆದುಕೊಂಡು ವಿದ್ಯುತ್ ಸಂಕೇತ ಕಳಿಸುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕೂಡ ಅದನ್ನೇ ತೆರೆಯುತ್ತದೆ. ಹಾಗಾಗಿ ಖಾರ ನಮಗೆ ಬಾಯಿ ಸುಟ್ಟ ಹಾಗೆ ಅನ್ನಿಸುವುದು. ಇದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಕ್ಯಾಪ್ಸೈಸಿನ್ ಕಡಿಮೆ. ಅಷ್ಟು ಕೆಂಪಗಿದ್ದರೂ ಗುಂಟೂರಿನದರಷ್ಟು ಉರಿಯದಿರಲು ಅದೇ ಕಾರಣ. ಇನ್ನು ಗಿಳಿ ಮೆಣಸಿನಕಾಯಿಯನ್ನು ಕಟುಂ ಕಟುಂ ಅಂತ ತಿನ್ನುತ್ತದಲ್ಲ, ಹಕ್ಕಿಗಳಲ್ಲಿ ಈ ಪ್ರೋಟೀನು ಬಿಸಿಗೆ ತೆರೆಯುತ್ತದೆ, ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ. ಇದು ವಿಷಯಕ್ಕೆ ಬೇಕಿರಲಿಲ್ಲ, ನನಗೆ ಇಷ್ಟ ಅಂತ ಹೇಳಿದೆ.

ವಿಷಯಕ್ಕೆ ಬೇಕಾದದ್ದು ಇದು. ಎಲ್ಲಿಯಾದರೂ ಗಾಯವಾದರೆ ಆ ಜಾಗದ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳನ್ನು ಸುರಿಸುತ್ತವೆ. ಇವು ನರದ ತುದಿಗಳನ್ನು ಚುರುಕು ಮಾಡುತ್ತವೆ. 43 ಡಿಗ್ರಿಗೆ ತೆರೆಯಬೇಕಾದದ್ದು ಮೈಯ ಮಾಮೂಲಿ ಬಿಸಿಗೇ ತೆರೆದುಕೊಳ್ಳುತ್ತದೆ. ಬಾವು ಬಂದ ಬೆರಳು ಸುಮ್ಮನಿದ್ದರೂ ಸಿಡಿಯುವುದು ಹೀಗೆ. ಇದು ಒಳ್ಳೆಯದೇ. ಆ ಬೆರಳನ್ನು ನೀವು ಮುಟ್ಟದೆ, ಬಳಸದೆ ಕಾಪಾಡುತ್ತೀರಿ. ಗಾಯ ಮಾಗಿದ ಮೇಲೆ ರಾಸಾಯನಿಕಗಳು ಇಳಿದು ನರದ ತುದಿ ಮೊದಲಿನಂತಾಗಬೇಕು. ಬಹುತೇಕರಿಗೆ ಆಗುತ್ತದೆ.

ಅಲ್ಲಿಂದ ಸಂಕೇತ ಬೆನ್ನುಹುರಿಗೆ ಬರುತ್ತದೆ. ಬರುವ ದಾರಿ ಎರಡು. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಮೊದಲು ಒಂದು ಚುರುಕ್, ಆಮೇಲೆ ಅರೆಗಳಿಗೆ ಬಿಟ್ಟು ಗಾಢವಾದ ಉರಿ, ಅಲ್ಲವೇ? ಮೊದಲಿನದು ಸೆಕೆಂಡಿಗೆ 5ರಿಂದ 30 ಮೀಟರ್ ಓಡುವ ನರದ ಎಳೆಗಳಲ್ಲಿ ಬಂದದ್ದು. ಎರಡನೆಯದು ಸೆಕೆಂಡಿಗೆ 2 ಮೀಟರೂ ಓಡದ ತೆಳು ಎಳೆಗಳಲ್ಲಿ ಬಂದದ್ದು. ಎಡವಿದ ತಕ್ಷಣ ಬೆರಳನ್ನು ಉಜ್ಜಿಕೊಳ್ಳುತ್ತೀರಿ, ಸ್ವಲ್ಪ ಹಾಯೆನಿಸುತ್ತದೆ. ಉಜ್ಜಿದ ಸ್ಪರ್ಶದ ಸಂಕೇತ ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ತಡೆಯುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಾದಿಸಿದರು. ಅವರು ಹೇಳಿದ ವಿವರಗಳಲ್ಲಿ ಕೆಲವು ಆಮೇಲೆ ನಿಲ್ಲಲಿಲ್ಲ. ಆದರೆ ಬೆನ್ನುಹುರಿ ಬಂದದ್ದನ್ನು ಬಂದ ಹಾಗೆ ಮೇಲಕ್ಕೆ ದಾಟಿಸುವುದಿಲ್ಲ, ಅಲ್ಲೇ ಹೆಚ್ಚು ಕಡಿಮೆ ಮಾಡುತ್ತದೆ ಅನ್ನುವುದು ನಿಂತಿತು. ಡೆಕಾರ್ಟ್‌ನ ದಾರ ಅಲ್ಲಿಗೆ ಕಡಿಯಿತು.

1983ರಲ್ಲಿ ಲಂಡನ್ನಿನಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಮಾಡಿದ ಕೆಲಸ ನನ್ನ ಪ್ರಕಾರ ಈ ಕ್ಷೇತ್ರದ ದೊಡ್ಡ ತಿರುವು. ಇಲಿಯ ಪಾದಕ್ಕೆ ಗಾಯವಾದ ಮೇಲೆ ಅದರ ಕಾಲು ಎಳೆದುಕೊಳ್ಳುವ ಪ್ರತಿಕ್ರಿಯೆ ಬಹಳ ಚುರುಕಾಯಿತು, ಮೊದಲು ಲೆಕ್ಕಕ್ಕೇ ಬಾರದ ಸ್ಪರ್ಶಕ್ಕೂ ಕಾಲು ಹಿಂದೆ ಹೋಗುತ್ತಿತ್ತು. ಆಗ ಗಾಯದ ಜಾಗವನ್ನು ಪೂರ್ತಿ ಮರಗಟ್ಟಿಸಿದರು. ಅಂದರೆ ಅಲ್ಲಿಂದ ಒಂದು ಸುದ್ದಿಯೂ ಮೇಲೆ ಹೋಗುತ್ತಿಲ್ಲ. ಆದರೂ ಚುರುಕು ಇಳಿಯಲಿಲ್ಲ. ಬದಲಾವಣೆ ಬೆನ್ನುಹುರಿಯಲ್ಲೇ ಆಗಿಬಿಟ್ಟಿತ್ತು.

ಈ ಸಭಾಂಗಣದ ಮೈಕನ್ನೇ ನೋಡಿ. ಶುರುವಿನಲ್ಲಿ ಅದು ಕುಯ್ಯೋ ಅಂದಿತು. ನಾನು ಆಗ ಕೂಗಿರಲಿಲ್ಲ, ಉಸಿರು ಬಿಟ್ಟಿದ್ದೆ ಅಷ್ಟೆ. ಹಿಂದೆ ಆಂಪ್ಲಿಫೈಯರಿನ ಗುಂಡಿಯನ್ನು ಯಾರೋ ಪೂರ್ತಿ ತಿರುಗಿಸಿಟ್ಟಿದ್ದರು. ಮೈಕ್ ಬದಲಾಯಿಸಿದ್ದರೂ ಅದು ನಿಲ್ಲುತ್ತಿರಲಿಲ್ಲ. ಬೆನ್ನುಹುರಿಯಲ್ಲಿ ಆ ಗುಂಡಿ ತಿರುಗುವುದು ಹೇಗೆ ಅನ್ನುವುದೂ ಈಗ ಸಾಕಷ್ಟು ಗೊತ್ತಿದೆ. ಅಲ್ಲಿನ ನರಕೋಶಗಳ ಮೇಲೆ ಎನ್‌ಎಂಡಿಎ ಎಂಬ ಗ್ರಾಹಕಗಳಿವೆ, ಅಂದರೆ ಸಂಕೇತ ಹಿಡಿದುಕೊಳ್ಳುವ ಸಣ್ಣ ಬಾಗಿಲುಗಳು. ಅವುಗಳ ಬಾಯಿಗೆ ಮೆಗ್ನೀಸಿಯಮ್ ಅಡ್ಡ ಕೂತಿರುತ್ತದೆ. ಕೆಳಗಿನಿಂದ ನೋವಿನ ಸಂಕೇತ ಬಿಟ್ಟೂಬಿಡದೆ ಬಂದರೆ ಮೆಗ್ನೀಸಿಯಮ್ ಕಳಚಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ನರಕೋಶ ಮುಂದೆ ಸಣ್ಣ ಸಂಕೇತಕ್ಕೂ ದೊಡ್ಡ ಉತ್ತರ ಕೊಡಲು ಕಲಿಯುತ್ತದೆ. ಮಗ್ಗಿ ಬಾಯಿಪಾಠ ಮಾಡುವಾಗ ಮಗುವಿನ ಮಿದುಳಿನಲ್ಲಿ ನಡೆಯುವುದಕ್ಕೂ ಇದಕ್ಕೂ ಹತ್ತಿರದ ನಂಟು, ಅದೇ ಗ್ರಾಹಕ ಅಲ್ಲೂ ಕೆಲಸ ಮಾಡುತ್ತದೆ. ನಾವು ಆಪರೇಷನ್ ಥಿಯೇಟರಿನಲ್ಲಿ ಬಳಸುವ ಕೆಟಮಿನ್ ಎಂಬ ಅರಿವಳಿಕೆ ಮದ್ದು ಕಟ್ಟಿಹಾಕುವುದೂ ಇದನ್ನೇ.

ಇದರ ಫಲ ನೋಡಬೇಕೆಂದರೆ ಸರ್ಪಸುತ್ತು ಆಗಿ ಹೋದ ಹಿರಿಯರನ್ನು ಕೇಳಿ. ಗುಳ್ಳೆ ಒಣಗಿ ತಿಂಗಳುಗಳೇ ಆಗಿವೆ. ಆದರೆ ಗುಳ್ಳೆ ಎದ್ದಿದ್ದ ಜಾಗಕ್ಕೆ ರವಿಕೆ ತಾಗಿದರೆ, ಫ್ಯಾನಿನ ಗಾಳಿ ಸೋಕಿದರೆ ಬೆಂಕಿ ಇಟ್ಟ ಹಾಗೆ. ಸ್ಪರ್ಶವೇ ನೋವಾಗಿ ಓದಿಸಿಕೊಳ್ಳುತ್ತಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸರ್ಪಸುತ್ತು ಎದ್ದಾಗ ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ಒಂದು ವಾರ ಕಳೆದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ವೈರಾಣುವನ್ನು ತಡೆಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 72 ಗಂಟೆಯೊಳಗೆ ಶುರು ಮಾಡಿದರೆ. ನಿಮ್ಮ ಹರಕೆ ನಂಬಿಕೆ ಏನಿದ್ದರೂ ಮಾತ್ರೆ ನುಂಗಿದ ಮೇಲೆ ಮಾಡಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ.

ಮಿದುಳು ಸಂಕೇತ ಪಡೆಯುತ್ತ ಸುಮ್ಮನೆ ಕೂತಿರುವುದಿಲ್ಲ, ಕೆಳಕ್ಕೂ ಆಜ್ಞೆ ಕಳಿಸುತ್ತದೆ. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಎಂಬವರು ಇಲಿಯ ಮಿದುಳಿನ ಬುಡದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಹರಿಸಿ, ಬೇರೆ ಅರಿವಳಿಕೆ ಇಲ್ಲದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರು. ಇಲಿ ಪ್ರತಿಭಟಿಸಲಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಮಿದುಳೇ ತಯಾರಿಸುವ ಅಫೀಮಿನಂಥ ವಸ್ತುಗಳನ್ನು ಹೆಕ್ಕಿ ತೆಗೆದರು. 1978ರಲ್ಲಿ ಇನ್ನೊಂದು ತಂಡ ಹಲ್ಲು ಕೀಳಿಸಿಕೊಂಡವರಿಗೆ ಬರೀ ಸುಳ್ಳು ಔಷಧಿ ಕೊಟ್ಟಿತು, ಕೆಲವರಿಗೆ ನೋವು ಇಳಿಯಿತು. ಆಮೇಲೆ ಅಫೀಮಿನ ಪರಿಣಾಮವನ್ನು ಅಳಿಸುವ ನಾಲೋಕ್ಸೋನ್ ಕೊಟ್ಟರು, ಅವರ ನೋವು ಮತ್ತೆ ಏರಿತು. ನಂಬಿಕೆಯಿಂದ ನೋವು ಇಳಿದದ್ದು ಕೂಡ ರಸಾಯನದ ಕೆಲಸವೇ ಆಗಿತ್ತು. ರಣರಂಗದ ಸೈನಿಕನ ಮೈಯಲ್ಲಿ ನಡೆದದ್ದರಲ್ಲಿ ಇದರ ಪಾಲು ಇದ್ದೇ ಇರಬೇಕು.

ದೀರ್ಘಕಾಲದ ನೋವಿರುವ ಬಹಳ ಜನರಲ್ಲಿ ಮೇಲಿನಿಂದ ಬರುವ ಈ ತಡೆ ದುರ್ಬಲವಾಗಿರುತ್ತದೆ. ನಿದ್ದೆಗೆಟ್ಟರೆ ಅದು ಇನ್ನೂ ದುರ್ಬಲ. ಒಂದೇ ರಾತ್ರಿ ನಿದ್ದೆ ಕೆಡಿಸಿದರೂ ಆರೋಗ್ಯವಂತರಿಗೆ ಮರುದಿನ ನೋವು ಹೆಚ್ಚಾಗಿ ತಾಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಹೆದರಿಕೆ, ಚಿಂತೆ, ಮನೆಯ ಜಗಳ, ಸಾಲ ಇವೂ ಅದೇ ಜಾಗಕ್ಕೆ ಬಂದು ಕೂಡುತ್ತವೆ. ‘ಟೆನ್ಷನ್ ಆದ್ರೆ ಸೊಂಟ ಜಾಸ್ತಿ ಆಗುತ್ತೆ ಸಾರ್’ ಅಂತ ರೋಗಿಗಳು ತಪ್ಪು ಒಪ್ಪಿಕೊಳ್ಳುವವರ ಹಾಗೆ ಮೆಲ್ಲಗೆ ಹೇಳುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಚಿಂತೆ, ನೋವು ಎರಡರ ತಂತಿಯೂ ಮಿದುಳಿನಲ್ಲಿ ಒಂದೇ ಕಡೆ ಹಾದುಹೋಗುತ್ತದೆ. ಶಿಕಾಗೋದ ಅಪ್ಕೇರಿಯನ್ ಅವರ ತಂಡ ಹೊಸದಾಗಿ ಸೊಂಟನೋವು ಬಂದವರನ್ನು ಒಂದು ವರ್ಷ ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರ ನೋವು ಉಳಿದೀತು ಅನ್ನುವುದನ್ನು ಮಿದುಳಿನ ಭಾವನೆ ಮತ್ತು ಪ್ರೇರಣೆಯ ಭಾಗಗಳ ನಡುವಿನ ಸಂಪರ್ಕ ಮೊದಲೇ ಸೂಚಿಸಿತ್ತು.

ಎಲ್ಲ ದೀರ್ಘಕಾಲದ ನೋವೂ ಒಂದೇ ಅಲ್ಲ. ಮೊಣಕಾಲು ಸವೆತದಲ್ಲಿ ಕೀಲಿನಿಂದಲೇ ಸಂಕೇತ ಬರುತ್ತಿರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರವೇ ಕೆಟ್ಟಿರುತ್ತದೆ. ರಾತ್ರಿ ಕಂಬಳಿಯಿಂದ ಪಾದ ಹೊರಗೆ ಹಾಕಿ ತಣ್ಣಗಿನ ನೆಲಕ್ಕೆ ಒತ್ತಿಕೊಂಡು ಮಲಗುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ಇನ್ನು ಕೀಲೂ ನರವೂ ಸರಿ ಇದ್ದು, ನೋವನ್ನು ಸಂಸ್ಕರಿಸುವ ವ್ಯವಸ್ಥೆಯೇ ಬದಲಾಗಿರುವುದು ಮೂರನೆಯದು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಅದಕ್ಕೊಂದು ಉದಾಹರಣೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ಇದಕ್ಕೆ ನೋಸಿಪ್ಲಾಸ್ಟಿಕ್ ಅಂತ ಹೆಸರಿಟ್ಟಿತು. ಒಬ್ಬರಲ್ಲೇ ಮೂರೂ ಸೇರಿರುವುದುಂಟು. ಮೊಣಕಾಲು ಬದಲಿಸಿದ ಮೇಲೂ ಐವರಲ್ಲಿ ಒಬ್ಬರ ಹತ್ತಿರ ಹತ್ತಿರ ಜನಕ್ಕೆ ನೋವು ಉಳಿಯುತ್ತದೆ. ಕೀಲು ಹೊಸದು, ಬೆನ್ನುಹುರಿ ಹಳೆಯದು.

ಈಗ ಸ್ಕ್ಯಾನಿನ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ, ಸಹಿಸಿಕೊಳ್ಳಿ. ಸೊಂಟನೋವಿನವರು ಕೈಯಲ್ಲಿ ದೊಡ್ಡ ಕವರ್ ಹಿಡಿದುಕೊಂಡು ಬರುತ್ತಾರೆ. ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ, ಸವೆದಿದೆ ಅಂತ ವರದಿ. ಅದನ್ನು ಓದಿದ ದಿನದಿಂದ ಅವರು ಬಗ್ಗುವುದನ್ನು ಬಿಟ್ಟಿರುತ್ತಾರೆ, ಬಿಂದಿಗೆ ಎತ್ತುವುದನ್ನು ಬಿಟ್ಟಿರುತ್ತಾರೆ, ಕೆಲವರು ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿರುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಸೊಂಟನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿತು. ಇಪ್ಪತ್ತರ ಪ್ರಾಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತ ಇತ್ತು, ಎಂಬತ್ತರ ಪ್ರಾಯದವರಲ್ಲಿ ಶೇ 96. ಡಿಸ್ಕ್ ಉಬ್ಬಿದವರು ಇಪ್ಪತ್ತರಲ್ಲಿ ಶೇ 30, ಎಂಬತ್ತರಲ್ಲಿ ಶೇ 84. ಮತ್ತೆ ಹೇಳುತ್ತೇನೆ, ಇವರ್ಯಾರಿಗೂ ನೋವಿರಲಿಲ್ಲ. ತಲೆಗೂದಲು ನರೆತದ್ದನ್ನು ಯಾರೂ ಕಾಯಿಲೆ ಅಂತ ಬರೆದುಕೊಡುವುದಿಲ್ಲ. ಬೆನ್ನುಮೂಳೆಗೆ ವಯಸ್ಸಾದದ್ದನ್ನು ಮಾತ್ರ ಬರೆದುಕೊಟ್ಟು ಕಳಿಸುತ್ತೇವೆ, ರೋಗಿ ಅದನ್ನು ಜೀವಾವಧಿ ಶಿಕ್ಷೆಯ ಹಾಗೆ ಓದಿಕೊಳ್ಳುತ್ತಾನೆ.

‘ಹಾಗಾದ್ರೆ ಸ್ಕ್ಯಾನೇ ಬೇಡ್ವಾ?’ ಅಂತ ಅಲ್ಲಿ ಮೂಲೆಯಲ್ಲಿ ಕೂತವರೊಬ್ಬರು ಕೇಳುತ್ತಿದ್ದಾರೆ. ಬೇಕಾದಾಗ ತಡ ಮಾಡಬಾರದು. ಸೊಂಟನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ, ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ, ಆಗಲೂ ಪರೀಕ್ಷೆ ಬೇಕು. ಕ್ಷಯ ಬೆನ್ನುಮೂಳೆಗೂ ಬರುವ ದೇಶ ನಮ್ಮದು. ಇವ್ಯಾವುದೂ ಇಲ್ಲದ ಮಾಮೂಲಿ ಸೊಂಟನೋವಿಗೆ ಮೊದಲ ವಾರದಲ್ಲೇ ಎಂಆರ್‌ಐ ಮಾಡಿಸುವುದರಿಂದ ಲಾಭಕ್ಕಿಂತ ಹೆದರಿಕೆಯೇ ಹೆಚ್ಚು.

ಚಿಕಿತ್ಸೆಗೆ ಬರೋಣ. ಮೆಡಿಕಲ್ ಶಾಪಿನಲ್ಲಿ ‘ಒಂದು ನೋವಿನ ಮಾತ್ರೆ ಕೊಡಿ’ ಅಂದರೆ ಸಿಗುವುದು ಬಹುತೇಕ ಡೈಕ್ಲೋಫೆನಾಕ್ ಅಥವಾ ಅದರ ಬಳಗದ್ದು. ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ಅದು ತಡೆಯುತ್ತದೆ. ಹೊಸ ಉಳುಕಿಗೆ, ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುವುದೂ ಅದಕ್ಕೇ. ಆಗ ಹೇಳಿದ ಆಂಪ್ಲಿಫೈಯರಿನ ಗುಂಡಿ ಬೆನ್ನುಹುರಿಯಲ್ಲಿ ತಿರುಗಿರುವಾಗ ಅದರ ಉಪಯೋಗ ಸ್ವಲ್ಪವೇ, ಆದರೆ ಹೊಟ್ಟೆಯ ಹುಣ್ಣು ಮತ್ತು ಮೂತ್ರಪಿಂಡದ ಹಾನಿ ಪೂರ್ತಿ. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದೀರಾ? 2012ರಲ್ಲಿ ಅದನ್ನು ರಣಹದ್ದುಗಳ ವನ್ಯಧಾಮ ಅಂತ ಘೋಷಿಸಿದರು. ದೇಶದ ರಣಹದ್ದುಗಳಲ್ಲಿ ಶೇ 95ಕ್ಕೂ ಹೆಚ್ಚು ಅಳಿದದ್ದು ಇದೇ ಔಷಧಿಯಿಂದ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ದನದ ಬಳಕೆಗೆ ಅದನ್ನು ನಿಷೇಧಿಸಿದರು. ನಮ್ಮ ಮೂತ್ರಪಿಂಡ ಹದ್ದಿನದಕ್ಕಿಂತ ಗಟ್ಟಿ, ನಿಜ. ಆದರೆ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಜೊತೆಗೆ ವರ್ಷಗಟ್ಟಲೆ ದಿನಕ್ಕೆರಡು ನುಂಗಿ, ಡಯಾಲಿಸಿಸ್‌ಗೆ ಬಂದವರನ್ನು ನಾನು ನೋಡಿದ್ದೇನೆ.

ಬೇರೆ ಔಷಧಿಗಳಿವೆ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಮೇಲಿನಿಂದ ಬರುವ ತಡೆಯನ್ನು ಬಲಪಡಿಸುತ್ತವೆ. ಪ್ರಿಗ್ಯಾಬಲಿನ್ ಕೆಟ್ಟ ನರದ ಉರಿಗೆ ಬಳಕೆಯಾಗುತ್ತದೆ. ಮಗ ಫೋನಿನಲ್ಲಿ ಹುಡುಕಿ ‘ಅಮ್ಮಾ, ಇದು ಖಿನ್ನತೆಗೆ ಕೊಡೋ ಮಾತ್ರೆ, ಡಾಕ್ಟರು ನಿನಗೆ ಹುಚ್ಚು ಅಂದ್ಕೊಂಡಿದಾರೆ’ ಅಂತ ನಿಲ್ಲಿಸಿಬಿಡುತ್ತಾನೆ. ಖಿನ್ನತೆಗೆ 75 ಮಿಲಿಗ್ರಾಂ ಮೇಲೆ ಕೊಡುವ ಅಮಿಟ್ರಿಪ್ಟಿಲಿನ್ನನ್ನು ನೋವಿಗೆ 10ರಿಂದ ಶುರು ಮಾಡುತ್ತೇವೆ. ಉದ್ದೇಶ ಬೇರೆ. ಬಾಯಿ ಒಣಗುವುದು, ಮಂಪರು ಇರುತ್ತದೆ, ಎರಡು ಮೂರು ವಾರ ಕಾಯಬೇಕು. ಎಲ್ಲರಿಗೂ ಹಿಡಿಸುವುದಿಲ್ಲ, ನೋವು ಅರ್ಧ ಇಳಿದರೆ ನಾವು ಗೆದ್ದೆವು ಅಂದುಕೊಳ್ಳುತ್ತೇವೆ.

ಔಷಧಿಗಿಂತ ಹೆಚ್ಚು ಕೆಲಸ ಮಾಡುವುದು ಚಲನೆ, ಮತ್ತು ಅದನ್ನು ಹೇಳಿದರೆ ಜನಕ್ಕೆ ನಿರಾಸೆ. ನೋವಾದರೆ ವಿಶ್ರಾಂತಿ ಅನ್ನುವುದು ಹೊಸ ಗಾಯಕ್ಕೆ ಸರಿ. ಇಲ್ಲಿ ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ನಿದ್ದೆ ಕೆಡುತ್ತದೆ, ಪ್ರತಿ ಅಲುಗಾಟವೂ ಮಿದುಳಿಗೆ ಅಪಾಯವಾಗಿ ಕಾಣತೊಡಗುತ್ತದೆ. ನಾವು ಮಾಡಬೇಕಾದ್ದು ‘ಇದು ಅಪಾಯವಲ್ಲ’ ಅನ್ನುವ ಅನುಭವವನ್ನು ಆ ವ್ಯವಸ್ಥೆಗೆ ದಿನವೂ ಸ್ವಲ್ಪ ಸ್ವಲ್ಪ ಉಣಿಸುವುದು. ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸದ ಹೆಂಗಸರು ಭುಜ, ಕುತ್ತಿಗೆ ನೋವೆಂದು ಬರುತ್ತಾರೆ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಕೂತಲ್ಲೇ ಕೂತು ಸುಲಿಯುತ್ತಾರೆ, ಸುಲಿದಷ್ಟಕ್ಕೆ ಕೂಲಿ. ಅವರಿಗೆ ಕೆಲಸ ಬಿಡಿ ಅನ್ನುವುದು ಸುಲಭ, ಅರ್ಥವಿಲ್ಲದ್ದು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ, ಕೈ ಮೇಲೆತ್ತಿ ನಾಲ್ಕು ಹೆಜ್ಜೆ ಹಾಕಿ, ನೋವು ಏರುವ ಮೊದಲೇ ಏಳಿ ಅನ್ನುತ್ತೇವೆ. ಈ ‘ಮೊದಲೇ’ ಅನ್ನುವುದೇ ಕಷ್ಟ. ನೋವು ಕಡಿಮೆ ಇದ್ದ ದಿನ ಹಬ್ಬಕ್ಕೆ ಅಂತ ಇಡೀ ಮನೆ ಜೇಡ ಹೊಡೆದು, ಪಾತ್ರೆ ತಿಕ್ಕಿ, ಮುಂದಿನ ಮೂರು ದಿನ ಮಲಗುವುದು ನಮ್ಮ ಹೆಂಗಸರ ಅಭ್ಯಾಸ. ಚೆನ್ನಾಗಿರುವ ದಿನವೂ ಗೊತ್ತುಮಾಡಿದಷ್ಟೇ, ನೋವಿರುವ ದಿನವೂ ಸಾಧ್ಯವಾದ ಮಟ್ಟಿಗೆ ಅಷ್ಟೇ. ಹತ್ತು ನಿಮಿಷ ನಡೆಯುವವರು ಮುಂದಿನ ವಾರ ಹನ್ನೆರಡು.

ಯೋಗ ಆಗುತ್ತದೆಯೇ ಎಂಬ ಚೀಟಿ ಬಂದಿದೆ. ಆಗುತ್ತದೆ. ಬಾಸ್ಟನ್ನಿನಲ್ಲಿ ಬಡ ಕುಟುಂಬಗಳ 320 ಸೊಂಟನೋವಿನ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೆರಡು ವಾರದ ಸೌಮ್ಯ ಯೋಗ ಫಿಸಿಯೊಥೆರಪಿಗಿಂತ ಕಡಿಮೆ ಬೀಳಲಿಲ್ಲ. ಹೆಚ್ಚೂ ಆಗಲಿಲ್ಲ, ಅದನ್ನೂ ಹೇಳಬೇಕು. ನಿಮಗೆ ಯಾವುದು ದಿನವೂ ಮಾಡಲು ಬೇಜಾರಾಗುವುದಿಲ್ಲವೋ ಅದನ್ನು ಹಿಡಿಯಿರಿ. ಟಿವಿ ನೋಡಿ ಶೀರ್ಷಾಸನಕ್ಕೆ ಮಾತ್ರ ಹೋಗಬೇಡಿ.

ಕೊನೆಯ ಚೀಟಿ ಒಬ್ಬ ಶಿಕ್ಷಕರದ್ದು. ನೋವನ್ನು ಅಳೆದು ಕಾಗದದಲ್ಲಿ ಬರೆದುಕೊಡುವ ಯಂತ್ರ ಇದೆಯೇ, ವರ್ಗಾವಣೆಗೆ ಬೇಕು ಅಂತ ಕೇಳಿದ್ದಾರೆ. ಇಲ್ಲ. ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ನಾವು ಕೇಳುತ್ತೇವೆ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಟಿಪ್ಪಣಿಯಲ್ಲೇ ಸೇರಿಸಿತು. ಆದರೆ ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ದೀರ್ಘಕಾಲದ ನೋವು ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಮೇಷ್ಟ್ರೇ, ಸದ್ಯಕ್ಕೆ ನಿಮಗೆ ಕೊಡಬಹುದಾದದ್ದು ಎಷ್ಟು ಹೊತ್ತು ನಿಲ್ಲಬಲ್ಲಿರಿ, ಎಷ್ಟು ಮೆಟ್ಟಿಲು ಹತ್ತಬಲ್ಲಿರಿ, ಬಸ್ಸಿನಲ್ಲಿ ಎಷ್ಟು ದೂರ ಕೂರಬಲ್ಲಿರಿ ಅನ್ನುವುದನ್ನು ಪರೀಕ್ಷಿಸಿ ಬರೆದ ಒಂದು ಪತ್ರ ಅಷ್ಟೆ. ಸೋಮವಾರ ಬನ್ನಿ, ಬರೆದುಕೊಡುತ್ತೇನೆ. ಸ್ಕ್ಯಾನಿನ ಕವರ್ ತರುವುದು ಬೇಡ.